ಘಟ್ಟ ಹತ್ತುವ ಜೀಪು ಮತ್ತು ರೇಡಿಯೇಟರಿನ ನೀರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಜೀಪು ಇಟ್ಟುಕೊಂಡವರ ಸಂಖ್ಯೆ ಕಡಿಮೆಯೇನಲ್ಲ. ಮಲೆನಾಡಿನ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಕಲಿಸಿದವನಿಗೆ ಅದು ಸಹಜವೇ. ಕೆಲವರು ತೋಟಕ್ಕಾಗಿ ಕೊಂಡಿದ್ದಾರೆ, ಕೆಲವರು ಬಾಡಿಗೆಗೆ ಓಡಿಸುತ್ತಾರೆ. ಬೆಂಗಳೂರು ಸೇರಿದ ಇನ್ನು ಕೆಲವರು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಬಾಲ್ಯದ ಆಸೆ ತೀರಿಸಿಕೊಳ್ಳಲು ಹಳೆಯ ಡೀಸೆಲ್ ಜೀಪೊಂದನ್ನು ಹುಡುಕಿ ತಂದು ಬಣ್ಣ ಬಳಿಸಿಕೊಂಡಿದ್ದಾರೆ. ಇವರೆಲ್ಲ ಸಿಕ್ಕಾಗ ಟೈರಿನ ಬಗ್ಗೆ, ಬಂಪರಿನ ಬಗ್ಗೆ, ಹೆಚ್ಚುವರಿ ದೀಪಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. "ರೇಡಿಯೇಟರಿನ ನೀರು ಕೊನೆಯ ಸಲ ಯಾವಾಗ ಬದಲಾಯಿಸಿದೆ?" ಎಂದು ಕೇಳಿದರೆ ಮಾತ್ರ ಮನೆಪಾಠ ಮಾಡದೆ ಬಂದ ಹುಡುಗನ ಮುಖವೇ ಎದುರಿಗೆ ಬಂದು ನಿಲ್ಲುತ್ತದೆ!

ಇಂದಿನ ಬರಹ ಅವರಿಗಾಗಿ. ಜೀಪಿಲ್ಲದವರು ಬೇಸರಪಡಬೇಕಾಗಿಲ್ಲ, ಒಂಬತ್ತನೆಯ ತರಗತಿಯ ಉಷ್ಣದ ಪಾಠ ಬಿಟ್ಟರೆ ಇದರಲ್ಲಿ ಹೊಸತೇನೂ ಇಲ್ಲ.

ಮೊದಲು ಒಂದು ಲೆಕ್ಕ ನೋಡೋಣ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 36 ಮೆಗಾಜೂಲ್ ಶಾಖ ಹುಟ್ಟುತ್ತದೆ. ಅದರಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಮುಂದೂಡುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದ ಪಾಲನ್ನು, ಅಂದರೆ ಹತ್ತಿರ ಹತ್ತಿರ 12 ಮೆಗಾಜೂಲನ್ನು, ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ದು ಗಾಳಿಗೆ ಚೆಲ್ಲಬೇಕು. ಇಷ್ಟು ಶಾಖದಿಂದ 30 ಡಿಗ್ರಿಯ ನೀರನ್ನು ಕುದಿಯುವವರೆಗೆ ಕಾಯಿಸುವುದಾದರೆ ಎಷ್ಟು ನೀರು ಕಾಯಿಸಬಹುದು? ಸುಮಾರು 40 ಲೀಟರ್! ಬಚ್ಚಲಮನೆಯ ದೊಡ್ಡ ಹಂಡೆಯ ತುಂಬ ನೀರು. ಜೀಪಿನಲ್ಲಿ ಇರುವುದು ಹತ್ತು ಲೀಟರಿನ ಆಸುಪಾಸು ಮಾತ್ರ. ಒಂದು ಲೀಟರ್ ಡೀಸೆಲ್ಲಾದರೋ ಘಟ್ಟದ ಏರಿನಲ್ಲಿ ಕೆಲವೇ ನಿಮಿಷಗಳಲ್ಲಿ ಉರಿದುಹೋಗುತ್ತದೆ. ಆದ್ದರಿಂದ ಆ ಹತ್ತು ಲೀಟರ್ ನೀರು ನಿಂತಲ್ಲಿ ನಿಲ್ಲುವಂತಿಲ್ಲ. ಎಂಜಿನ್ನಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಎಂಜಿನ್ನಿಗೆ ಅದು ಸುತ್ತುತ್ತಲೇ ಇರಬೇಕು. ಸುತ್ತುವುದು ನಿಂತರೆ ಏನಾದೀತೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ನಮ್ಮ ಕಡೆಗೆ ಜೀಪು ಬಂದದ್ದು ಹಳೆಯ ಕಥೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ತರಲಾರಂಭಿಸಿದರು. ಆಗಿನವು ಪೆಟ್ರೋಲ್ ಗಾಡಿಗಳು. ಡೀಸೆಲ್ ಎಂಜಿನ್ ಬಂದ ಮೇಲೆಯೇ ಜೀಪು ಸಾಮಾನ್ಯ ಬೆಳೆಗಾರನ ಕೈಗೆಟುಕುವ ಖರ್ಚಿಗೆ ಇಳಿದದ್ದು. 1980ರ ದಶಕದ ಎಂ.ಎಂ. 540 ಎಂಬ ಗಾಡಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಫ್ರಾನ್ಸಿನ ಪೂಜೋ ಸಂಸ್ಥೆಯ ವಿನ್ಯಾಸದ 2112 ಸಿ.ಸಿ. ಡೀಸೆಲ್ ಎಂಜಿನ್ ಅದರದು. ಅದರ ಸಂತತಿ ಇಂದಿಗೂ ಕಳಸ, ಕೊಪ್ಪ, ಮೂಡಿಗೆರೆಯ ಕಡೆ ತೋಟದ ರಸ್ತೆಗಳಲ್ಲಿ ದುಡಿಯುತ್ತಿದೆ. ಮೂವತ್ತು ನಲವತ್ತು ವರ್ಷದ ಎಂಜಿನ್ನುಗಳು! ಸರಿಯಾಗಿ ನೋಡಿಕೊಂಡರೆ ಡೀಸೆಲ್ ಎಂಜಿನ್ನಿಗೆ ಮುಪ್ಪು ಬಹಳ ತಡವಾಗಿ ಬರುತ್ತದೆ. ಆದರೆ ಒಂದೇ ಒಂದು ಸಲ ನೀರಿಲ್ಲದೆ ಕಾದರೆ ಹತ್ತು ನಿಮಿಷದಲ್ಲಿ ಅದರ ಆಯುಷ್ಯ ಮುಗಿಯಬಹುದು.

ಹಾಗೆ ಮುಗಿದ ಎಂಜಿನ್ನೊಂದರ ವಿಷಯ ಹೇಳುತ್ತೇನೆ. 2014ರ ಏಪ್ರಿಲ್. ನನ್ನ ವಿದ್ಯಾರ್ಥಿಯೊಬ್ಬ, ಬಾಡಿಗೆ ಜೀಪು ಓಡಿಸಿ ಸಂಸಾರ ಸಾಗಿಸುವವನು, ಮಂಗಳೂರಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತನ್ನ ತಾಯಿಯನ್ನು ಕರೆದುಕೊಂಡು ಊರಿಗೆ ಮರಳುತ್ತಿದ್ದ. ಉಜಿರೆ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಹತ್ತುವಾಗ ಉಷ್ಣತೆಯ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಇವನು ವೇಗ ತಗ್ಗಿಸಿದ. ಸ್ವಲ್ಪ ಹೊತ್ತಿನಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. "ಸದ್ಯ, ತಣ್ಣಗಾಯ್ತು ಅಂದ್ಕೊಂಡೆ ಸಾರ್. ಇನ್ನು ಕೊಟ್ಟಿಗೆಹಾರದಲ್ಲಿ ಟೀ ಕುಡಿಯುವಾಗ ನೋಡಿದ್ರಾಯ್ತು ಅಂತ ಹೊಡ್ಕೊಂಡು ಬಂದೆ." ಎರಡು ಕಿಲೋಮೀಟರ್ ಬರುವಷ್ಟರಲ್ಲಿ ಎಂಜಿನ್ನಿನ ಸದ್ದು ಒರಟಾಯಿತು, ಶಕ್ತಿ ಕುಗ್ಗಿತು, ತಿರುವಿನಲ್ಲಿ ಜೀಪು ಗಕ್ಕನೆ ನಿಂತೇಬಿಟ್ಟಿತು. ಸೀಜ್! ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಆ ತಾಯಿ ಬಿಸಿಲಿನಲ್ಲಿ ರಸ್ತೆಯ ಕಟ್ಟೆಯ ಮೇಲೆ ಎರಡು ಗಂಟೆ ಕುಳಿತಿರಬೇಕಾಯಿತು. ಆಮೇಲೆ ಬಿಚ್ಚಿ ನೋಡಿದಾಗ ಹೆಡ್ ಬಿರುಕು ಬಿಟ್ಟಿತ್ತು, ಪಿಸ್ಟನ್ನುಗಳು ಗೀರಿಹೋಗಿದ್ದವು. ರಿಪೇರಿಗೆ ಅರವತ್ತು ಸಾವಿರ ರೂಪಾಯಿ. ಹಣ ಹೊಂದಿಸಿಕೊಳ್ಳಲು ಮೂರು ತಿಂಗಳು. ಆ ಮೂರು ತಿಂಗಳೂ ದುಡಿಮೆಯಿಲ್ಲ. ಆ ವರ್ಷ ಅವನ ಮಗಳು ಪಿ.ಯು.ಸಿ. ಸೇರಬೇಕಾಗಿತ್ತು.

ಇದಕ್ಕೆಲ್ಲ ಕಾರಣವಾದದ್ದು ಬೆರಳುದ್ದದ ಒಂದು ಹೋಸ್ ಪೈಪಿನ ಸೀಳು.

ಮುಳ್ಳು ಇಳಿದದ್ದೇಕೆ ಎಂದು ಅವನು ನನ್ನನ್ನು ಕೇಳಿದ. ಅವನಷ್ಟೇ ಅಲ್ಲ, ಗ್ಯಾರೇಜಿನವರಿಗೂ ಅದು ಸೋಜಿಗವಾಗಿತ್ತಂತೆ. ಉತ್ತರ ಸುಲಭ. ಉಷ್ಣತೆಯನ್ನು ಅಳೆಯುವ ಸೆನ್ಸರ್ ಎಂಜಿನ್ನಿನ ಲೋಹವನ್ನು ಅಳೆಯುವುದಿಲ್ಲ. ತನ್ನನ್ನು ತಬ್ಬಿ ಹರಿಯುವ ನೀರನ್ನು ಅಳೆಯುತ್ತದೆ. ಅದು ಇರುವುದು ಸಾಮಾನ್ಯವಾಗಿ ಹೆಡ್ಡಿನ ಮೇಲ್ಭಾಗದಲ್ಲಿ. ನೀರು ಸೋರಿ ಮಟ್ಟ ಕೆಳಗಿಳಿದಾಗ ಮೊದಲು ಒಣಗುವ ಜಾಗವೂ ಅದೇ. ನೀರು ಬಿಟ್ಟುಹೋದ ಮೇಲೆ ಸೆನ್ಸರಿನ ಸುತ್ತ ಉಳಿಯುವುದು ಗಾಳಿ, ಹಬೆ. ಗಾಳಿ ಶಾಖವನ್ನು ಸರಿಯಾಗಿ ಮುಟ್ಟಿಸಲಾರದು ಎಂಬುದು ನಿಮಗೆ ಗೊತ್ತೇ ಇದೆ. ಹೀಗಾಗಿ ಒಳಗೆ ಲೋಹ ಸುಡುತ್ತಿರುವಾಗಲೇ ಹೊರಗೆ ಮುಳ್ಳು ಶಾಂತವಾಗಿ ಕೆಳಗಿಳಿಯುತ್ತದೆ. ಮಕ್ಕಳೇ, ಇದೊಂದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ: ಏರಿನಲ್ಲಿ, ಎಂಜಿನ್ನಿನ ಮೇಲಿನ ಭಾರ ಕಡಿಮೆಯಾಗದೆ, ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಅದು ಸಮಾಧಾನಪಡುವ ಗಳಿಗೆಯಲ್ಲ, ಗಾಡಿ ನಿಲ್ಲಿಸುವ ಗಳಿಗೆ. ನೀರಿನ ಮಟ್ಟ ಇಳಿದೊಡನೆ ಕೂಗುವ ಅಲಾರಂ ಈಗ ಸಿಗುತ್ತದೆ. ಹೆಡ್ಡಿನ ಲೋಹದ ಬಿಸಿಯನ್ನೇ ನೇರವಾಗಿ ತೋರಿಸುವ ಸೆನ್ಸರುಗಳೂ ಇವೆ. ಹೆಚ್ಚುವರಿ ದೀಪ ಕೊಳ್ಳುವ ಹಣದಲ್ಲಿ ಇದನ್ನು ಕೊಳ್ಳಿರಿ ಎಂಬುದು ನನ್ನ ಅಭಿಪ್ರಾಯ.

ಹೆಡ್ಡೇ ಏಕೆ ಮೊದಲು ಹಾಳಾಗುತ್ತದೆ? ಬಹಳಷ್ಟು ಎಂಜಿನ್ನುಗಳಲ್ಲಿ ಕೆಳಗಿನ ಬ್ಲಾಕ್ ಬೀಡುಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಮ್ಮಿನದು. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ 100 ಡಿಗ್ರಿ ಹೆಚ್ಚು ಕಾದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಕಬ್ಬಿಣ ಅದರ ಅರ್ಧದಷ್ಟು. ಎರಡನ್ನೂ ಬೋಲ್ಟು ಹಾಕಿ ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲದ ಹೆಡ್ ಡೊಂಕಾಗುತ್ತದೆ. ನಡುವಿನ ಗ್ಯಾಸ್ಕೆಟ್ ಸುಡುತ್ತದೆ. ಕೂದಲೆಳೆಯಷ್ಟು ಡೊಂಕಾದರೂ ಸಾಕು, ಸಿಲಿಂಡರಿನ ಒತ್ತಡ ನೀರಿನ ದಾರಿಗೆ ನುಗ್ಗುತ್ತದೆ.

ಇನ್ನು ರೇಡಿಯೇಟರಿನ ಮುಚ್ಚಳ. ಅದನ್ನು ಬರಿಯ ಮುಚ್ಚಳವೆಂದು ತಿಳಿದವರೇ ಹೆಚ್ಚು. ನಿಜವಾಗಿ ಅದು ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ತಮ್ಮ. ಒಳಗಿನ ಒತ್ತಡವನ್ನು ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಒಂದು ಬಾರ್ ಹೆಚ್ಚಿಗೆ ಹಿಡಿದಿಟ್ಟರೆ ನೀರು 100 ಡಿಗ್ರಿಯ ಬದಲು 120ರ ಸುಮಾರಿಗೆ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ಅನುಕೂಲವೆಲ್ಲ ಹೋಯಿತು. ಬೆಟ್ಟದ ಮೇಲೆ ಪರಿಸ್ಥಿತಿ ಇನ್ನೂ ಕಷ್ಟ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ನು ಆರೋಗ್ಯವಾಗಿ ಓಡುವುದೇ 85, 90 ಡಿಗ್ರಿಯಲ್ಲಿ! ಅಂದಮೇಲೆ ಕೆಟ್ಟ ಮುಚ್ಚಳ ಹಾಕಿಕೊಂಡು ಬೆಟ್ಟ ಹತ್ತುವವನಿಗೂ ಕುದಿಯುವ ನೀರಿಗೂ ನಡುವೆ ಉಳಿದದ್ದು ಎಷ್ಟು? ಕೆಲವು ನೂರು ರೂಪಾಯಿಯ ಈ ವಸ್ತುವನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ, ಅದರ ಮೇಲೆ ಬರೆದ ಒತ್ತಡದ ಸಂಖ್ಯೆಯನ್ನೇ ನೋಡಿ, ಹೊಸದು ಹಾಕಿಸಬೇಕು. ಮುಚ್ಚಳಕ್ಕೆ ಇನ್ನೊಂದು ಕೆಲಸವೂ ಇದೆ. ಕಾದಾಗ ಹಿಗ್ಗಿ ಪಕ್ಕದ ಬಾಟಲಿಗೆ ಹೋದ ನೀರನ್ನು ತಣ್ಣಗಾದಾಗ ಮತ್ತೆ ಒಳಗೆ ಎಳೆದುಕೊಳ್ಳಲು ಅದು ದಾರಿ ಬಿಡಬೇಕು. ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಮೇಲಿನ ಹೋಸ್ ಚಪ್ಪಟೆಯಾಗಿ ಕುಗ್ಗಿದ್ದರೆ ಆ ಒಳಗಿನ ಪುಟ್ಟ ವಾಲ್ವ್ ಕಚ್ಚಿಕೊಂಡಿದೆ ಎಂದರ್ಥ.

ಥರ್ಮೋಸ್ಟ್ಯಾಟ್ ಎಂಬ ಇನ್ನೊಂದು ಬಡಪಾಯಿ ಇದೆ. "ನಮ್ಮ ಸೆಕೆಗೆ ಆ ವಾಲ್ವ್ ಯಾಕೆ, ಕಿತ್ತು ಬಿಸಾಕಿ" ಎಂದು ಸಲಹೆ ಕೊಡುವ ಮೆಕ್ಯಾನಿಕ್ಕುಗಳು ಪ್ರತಿ ಊರಿನಲ್ಲೂ ಇದ್ದಾರೆ. ನನಗೆ ಈ ಸಲಹೆ ಕೇಳಿದರೆ ಸಿಟ್ಟು ಬರುತ್ತದೆ. ಎಂಜಿನ್ನು ತಣ್ಣಗಿರುವಾಗ ನೀರನ್ನು ರೇಡಿಯೇಟರಿಗೆ ಬಿಡದೆ ಬೇಗ ಬೆಚ್ಚಗಾಗಿಸುವುದು, 82 ಡಿಗ್ರಿಯ ಆಸುಪಾಸಿನಲ್ಲಿ ಬಾಗಿಲು ತೆರೆಯುವುದು ಅದರ ಕರ್ತವ್ಯ. ಅದಿಲ್ಲದ ಡೀಸೆಲ್ ಎಂಜಿನ್ ಮಲೆನಾಡಿನ ಚಳಿಯ ಬೆಳಗಿನಲ್ಲಿ ಗಂಟೆಗಟ್ಟಲೆ ತಣ್ಣಗೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಹೊಗೆ ಹೆಚ್ಚುತ್ತದೆ, ಆಯಿಲ್ ಕೆಡುತ್ತದೆ, ಸಿಲಿಂಡರ್ ಸವೆಯುತ್ತದೆ. ವಿಚಿತ್ರವೆಂದರೆ ಕೆಲವು ಎಂಜಿನ್ನುಗಳಲ್ಲಿ ಅದನ್ನು ಕಿತ್ತರೆ ಬಿಸಿಯೇ ಹೆಚ್ಚಾಗುತ್ತದೆ! ಏಕೆಂದರೆ ತೆರೆದಾಗ ಅದು ರೇಡಿಯೇಟರನ್ನು ತಪ್ಪಿಸುವ ಅಡ್ಡದಾರಿಯನ್ನೂ ಮುಚ್ಚುತ್ತಿರುತ್ತದೆ. ಕಿತ್ತಮೇಲೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿನೀರು ತಣಿಯದೆ ಮತ್ತೆ ಎಂಜಿನ್ನಿಗೇ ಬರುತ್ತದೆ. ಸಂಶಯವಿದ್ದರೆ ಕಿತ್ತ ವಾಲ್ವನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ ನೋಡಿ. ಬಾಗಿಲು ತೆರೆಯುವುದು ಕಣ್ಣಿಗೇ ಕಾಣುತ್ತದೆ. ಹಳೆಯ ಪ್ರಯೋಗಶಾಲೆಯ ನೆನಪೂ ಆದೀತು.

ಯಾವ ನೀರು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಹಂಡೆಯಲ್ಲಿಯೇ ಇದೆ. ಬಯಲುಸೀಮೆಯಲ್ಲಿ ನೆಂಟರಿದ್ದವರಿಗೆ ಗೊತ್ತು: ಕೊಳವೆಬಾವಿಯ ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯ ಸುಣ್ಣದ ಪದರ ಕಟ್ಟಿರುತ್ತದೆ. ಎಂಜಿನ್ನಿನೊಳಗೂ ಹಾಗೆಯೇ. ಆ ಪದರ ಲೋಹಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ. ನಮ್ಮ ಹಳ್ಳದ ನೀರು ಮೆದುವೇನೋ ಹೌದು, ಆದರೆ ಅದರಲ್ಲಿ ಮಣ್ಣಿದೆ, ತುಕ್ಕು ತಡೆಯುವ ಗುಣವಿಲ್ಲ. ಕೂಲೆಂಟ್ ಎಂಬ ಬಣ್ಣದ ದ್ರವ ಹಿಮ ಬೀಳುವ ದೇಶಗಳವರಿಗೆ, ನಮಗೇಕೆ ಎನ್ನುವವರಿದ್ದಾರೆ. ಹಿಮಕ್ಕಲ್ಲದಿದ್ದರೂ ತುಕ್ಕಿಗಾಗಿ ಅದು ಬೇಕು, ಕುದಿಬಿಂದು ಏರಲೂ ಬೇಕು. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ಶುದ್ಧೀಕರಿಸಿದ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲೇ 107 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಹಾಗೆಂದು ನೀರು ಬೆರೆಸದ ಗಟ್ಟಿ ಕೂಲೆಂಟನ್ನೇ ಸುರಿಯಬೇಡಿ. ಶಾಖ ಹೊರುವುದರಲ್ಲಿ ನೀರಿಗೆ ಸಮನಾದ ದ್ರವ ಸುಲಭಕ್ಕೆ ಸಿಗದು. ವಿಶಿಷ್ಟೋಷ್ಣದ ಪಾಠದಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ, ನೆನಪಿದೆಯೇ? ಹಸಿರಿಗೆ ಕೆಂಪು ಬೆರೆಸುವುದೂ ಬೇಡ. ಬಣ್ಣ ನೋಡಿ ಜಾತಿ ಗುರುತಿಸಲಾಗದು. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯನ್ನೇ, ಅದರಲ್ಲಿ ಹೇಳಿದ ಅವಧಿಗೆ ಬದಲಾಯಿಸಿ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಪದ್ಧತಿ ನಮ್ಮ ಡ್ರೈವರುಗಳಲ್ಲಿ ಪ್ರಸಿದ್ಧ. ನಡುದಾರಿಯಲ್ಲಿ ಅದು ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಪುಡಿ ಊದಿಕೊಂಡು ಸೂಜಿಮೊನೆಯಂಥ ತೂತನ್ನು ಮುಚ್ಚುತ್ತದೆ. ಆದರೆ ಅದಕ್ಕೆ ಬೇಡದ ತೂತು ಯಾವುದು, ಬೇಕಾದ ಕೊಳವೆ ಯಾವುದು ಎಂಬ ವಿವೇಕವಿಲ್ಲ. ಮನೆ ಸೇರಿದ ಮೇಲೆ ತೊಳೆಸಿ ಬೆಸುಗೆ ಹಾಕಿಸಲೇಬೇಕು.

ಫ್ಯಾನ್ ಬೆಲ್ಟಿನ ಮಾತು ಬಂದಾಗ ಮಾತ್ರ ನಾನು ಸ್ವಲ್ಪ ಗಡುಸಾಗುತ್ತೇನೆ. ಹಳೆಯ ಜೀಪುಗಳಲ್ಲಿ ಅದೊಂದು ಬೆಲ್ಟ್ ತುಂಡಾದರೆ ಫ್ಯಾನ್ ನಿಂತಿತು, ನೀರಿನ ಪಂಪ್ ನಿಂತಿತು, ಬ್ಯಾಟರಿ ಚಾರ್ಜಾಗುವುದು ನಿಂತಿತು. ಇಷ್ಟೇ ಅಲ್ಲ. ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಸಹಾಯ ಮಾಡುವ ನಿರ್ವಾತದ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಕುಳಿತಿರುತ್ತದೆ. ಅಂದರೆ ಬೆಲ್ಟ್ ಹೋದರೆ ನಾಲ್ಕಾರು ಸಲ ತುಳಿಯುವುದರೊಳಗೆ ಬ್ರೇಕ್ ಕಲ್ಲಿನಂತಾಗುತ್ತದೆ. ಅದೂ ಘಾಟಿಯಲ್ಲಿ! ಹೆಬ್ಬೆರಳಿನಿಂದ ಬೆಲ್ಟಿನ ನಡುವೆ ಒತ್ತಿದರೆ ಅರ್ಧ ಅಂಗುಲದಷ್ಟು ತಗ್ಗಬೇಕು. ಒಳಮೈಯಲ್ಲಿ ಬಿರುಕುಗಳಿದ್ದರೆ ಮರುಮಾತಿಲ್ಲದೆ ಬದಲಾಯಿಸಬೇಕು. ಸೀಟಿನ ಕೆಳಗೆ ಒಂದು ಹೊಸ ಬೆಲ್ಟ್, ಅದನ್ನು ಹಾಕಲು ಬೇಕಾದ ಸ್ಪ್ಯಾನರುಗಳು, ಐದು ಲೀಟರ್ ನೀರು ಇರಲೇಬೇಕು. ಪಂಪಿನ ಕೆಳಗಿನ ಪುಟ್ಟ ತೂತಿನಿಂದ ಹನಿ ಬೀಳತೊಡಗಿದರೆ ಸೀಲ್ ಹೋಗಿದೆ ಎಂದು ತಿಳಿಯಿರಿ. ಆ ತೂತಿಗೇ ಗಟ್ಟಿ ಅಂಟು ಮೆತ್ತಿ ಹನಿ ನಿಲ್ಲಿಸಿದ ಮಹಾನುಭಾವರನ್ನು ನಾನು ಕಂಡಿದ್ದೇನೆ! ಹೊರಗೆ ಹೋಗಬೇಕಾದ ನೀರು ಬೇರಿಂಗಿಗೆ ಹೋಯಿತು, ಅಷ್ಟೇ.

ಮಳೆಗಾಲ ಮುಗಿದ ಮೇಲೆ ರೇಡಿಯೇಟರಿನ ರೆಕ್ಕೆಗಳ ನಡುವೆ ಒಣಗಿದ ಕೆಸರು, ಹುಲ್ಲಿನ ಬೀಜ, ಚಿಟ್ಟೆಗಳು ತುಂಬಿರುತ್ತವೆ. ಸಾಧಾರಣ ಪೈಪಿನ ನೀರಿನಿಂದ, ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ನಿಧಾನವಾಗಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪಂಪ್ ಹಿಡಿದರೆ ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ. ಹೋಸ್ ಪೈಪುಗಳನ್ನು ತಣ್ಣಗಿದ್ದಾಗ ಹಿಸುಕಿ ನೋಡಿ. ಮೆತ್ತಗೆ ಊದಿರಬಾರದು, ಕರಕರ ಎನ್ನಬಾರದು. ತೋಟದ ಶೆಡ್ಡುಗಳಲ್ಲಿ ಇಲಿಗಳ ಹಲ್ಲಿನ ಗುರುತನ್ನೂ ಹುಡುಕಬೇಕು.

ಓಡಿಸುವ ಕ್ರಮವೂ ಮುಖ್ಯ. ಏರಿನಲ್ಲಿ ವೇಗ ಕಡಿಮೆ, ಆದ್ದರಿಂದ ಮುಂದಿನಿಂದ ಬರುವ ಗಾಳಿ ಕಡಿಮೆ, ಭಾರವೋ ಪೂರ್ತಿ. ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುತ್ತ ಹತ್ತಿಸಿದರೆ ಪಂಪೂ ಫ್ಯಾನೂ ಮೆಲ್ಲಗೆ ತಿರುಗುತ್ತವೆ. ಗೇರು ಇಳಿಸಿ, ಕಡಿದಾದ ಮಣ್ಣುದಾರಿಯಾದರೆ ಫೋರ್ ವೀಲ್ ಲೋ ಹಾಕಿ ಎಂಜಿನ್ನು ಸಲೀಸಾಗಿ ತಿರುಗಲು ಬಿಡಿ. ಕೊಡಚಾದ್ರಿಗೆ ಜೀಪು ಹತ್ತಿಸುವ ಹುಡುಗರು ಹೇಗೆ ಹತ್ತಿಸುತ್ತಾರೆಂಬುದನ್ನು ಗಮನಿಸಿ, ಕಲಿಯಲು ಬಹಳವಿದೆ. ಮೇಲೆ ತಲುಪಿದೊಡನೆ ಎಂಜಿನ್ನು ಆರಿಸಬೇಡಿ. ಎರಡು ಮೂರು ನಿಮಿಷ ಹಾಗೆಯೇ ಓಡುತ್ತಿರಲಿ.

ಕಾದು ಕೆಂಪು ಗೆರೆ ಮುಟ್ಟಿಯೇಬಿಟ್ಟರೆ? ಪಕ್ಕಕ್ಕೆ ನಿಲ್ಲಿಸಿ. ಎಲ್ಲೂ ಸೋರುತ್ತಿಲ್ಲ, ಬೆಲ್ಟ್ ಸರಿಯಿದೆ ಎಂದಾದರೆ ನಿಧಾನ ಓಟದಲ್ಲಿ ಬಿಟ್ಟು ತಣಿಯಲು ಅವಕಾಶ ಕೊಡಿ. ನೀರು ಹೋಗಿದೆ, ಅಥವಾ ಬೆಲ್ಟ್ ತುಂಡಾಗಿದೆ ಎಂದಾದರೆ ತಕ್ಷಣ ಆರಿಸಿ. ಮುಚ್ಚಳ ಮಾತ್ರ ಮುಟ್ಟಬೇಡಿ. 115 ಡಿಗ್ರಿಯ ನೀರಿನ ಒತ್ತಡವನ್ನು ಒಮ್ಮೆಗೇ ಬಿಟ್ಟರೆ ಹತ್ತು ಲೀಟರಿನಲ್ಲಿ ಸುಮಾರು 300 ಗ್ರಾಂ ನೀರು ಆ ಕ್ಷಣವೇ ಹಬೆಯಾಗುತ್ತದೆ. ಆ ಹಬೆಗೆ ಬೇಕಾದ ಜಾಗ 500 ಲೀಟರ್! ಅದು ನಿಮ್ಮ ಮುಖದ ಕಡೆಗೇ ಬರುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಮುಚ್ಚಳ ಕೈಯಿಂದ ಮುಟ್ಟುವಷ್ಟು ತಣಿದ ಮೇಲೆ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಿ. ಕಾದ ಲೋಹಕ್ಕೆ ತಣ್ಣೀರು ಸುರಿದರೆ ಬಿರುಕು ಖಂಡಿತವೆಂದೇ ಭಾವಿಸಿ, ಸ್ವಲ್ಪ ಸ್ವಲ್ಪವಾಗಿ ತುಂಬಿ.

ಅಂಥ ಘಟನೆಯ ನಂತರ ಕೆಲವು ದಿನ ಕಣ್ಣಿಟ್ಟಿರಬೇಕು. ಎಲ್ಲೂ ಸೋರದೆಯೇ ನೀರು ಕಡಿಮೆಯಾಗುತ್ತಿದೆಯೇ? ತಣ್ಣನೆಯ ಎಂಜಿನ್ನನ್ನು ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಬಿಡದೆ ಗುಳ್ಳೆಗಳು ಬರುತ್ತಿವೆಯೇ? ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ? ಇವು ಹೆಡ್ ಗ್ಯಾಸ್ಕೆಟ್ ಹೋಗಿರುವುದರ ಲಕ್ಷಣಗಳು. ಈ ಹಂತದಲ್ಲಿ ಹೆಡ್ ಬಿಚ್ಚಿಸಿ ಲೇತಿನವರಲ್ಲಿ ಮಟ್ಟ ಮಾಡಿಸಿದರೆ ಎಂಜಿನ್ ಉಳಿಯುತ್ತದೆ. "ಇನ್ನೊಂದು ಕಾಫಿ ಕೊಯ್ಲು ಮುಗಿಯಲಿ" ಎಂದು ಓಡಿಸಿದರೆ ಉಳಿಯುವುದಿಲ್ಲ.

ಕೊನೆಯದಾಗಿ, ಬದಲಾಯಿಸಿದ ಹಳೆಯ ಕೂಲೆಂಟಿನ ವಿಷಯ. ಅದನ್ನು ಚರಂಡಿಗೋ ತೋಟದ ಅಂಚಿಗೋ ಚೆಲ್ಲಬೇಡಿರಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿಗಳು ನೆಕ್ಕಿ ಸಾಯುತ್ತವೆ, ಕರುಗಳಿಗೂ ಅಪಾಯ. ಬಿಗಿಯಾದ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆಟುಕದಲ್ಲಿ ಇಟ್ಟು, ಹಳೆಯ ಆಯಿಲ್ ಒಯ್ಯುವ ಗ್ಯಾರೇಜಿನವರನ್ನು ಕೇಳಿ ಅವರಿಗೆ ಒಪ್ಪಿಸಿ. ನಮ್ಮ ಭಾವನವರ ತೋಟದ ಶೆಡ್ಡಿನಲ್ಲಿ ಅಂಥ ಎರಡು ಕ್ಯಾನುಗಳಿವೆ. ಅಲ್ಲಿನ ಡ್ರೈವರ್ ಮಹಾಶಯ ದಪ್ಪ ಅಕ್ಷರಗಳಲ್ಲಿ 'ವಿಶ' ಎಂದು ಬರೆದಿದ್ದ. ಮೊನ್ನೆ ಹೋದಾಗ ಹೊಟ್ಟೆ ಸೀಳಿದ 'ಷ' ಹಾಕಿಸಿ ಬಂದಿದ್ದೇನೆ.